ಎರೆ ನೆಲದ ದಾರಿಗೆ ಎಷ್ಟು ಇಂಚಿನ ಗಾಲಿ?

ಕೊಪ್ಪಳ ಜಿಲ್ಲೆಯ ಅಳವಂಡಿಯ ಸುತ್ತ ಎರೆ ಹೊಲಗಳು ಕಣ್ಣು ಹಾಯುವಷ್ಟು ದೂರ ಹಬ್ಬಿವೆ. ಈ ಮಣ್ಣು ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಅಂಗೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದೊಡನೆ ನೀರು ಕುಡಿದು ಉಬ್ಬುತ್ತದೆ. ಮಳೆಗಾಲ ಮುಗಿದ ಮೇಲೂ ತೇವ ಹಿಡಿದಿಟ್ಟುಕೊಳ್ಳುವ ಈ ಗುಣದಿಂದಲೇ ಹಿಂಗಾರಿ ಬಿಳಿಜೋಳವೂ ಕಡಲೆಯೂ ಬೆಳೆಯುತ್ತವೆ. ರಸ್ತೆಗೆ ಮಾತ್ರ ಇದು ಒಳ್ಳೆಯ ತಳಪಾಯವಲ್ಲ. ಕೆಳಗಿನ ಮಣ್ಣು ವರ್ಷವರ್ಷವೂ ಉಬ್ಬಿ ಕುಗ್ಗುತ್ತಿದ್ದರೆ ಮೇಲಿನ ಡಾಂಬರು ಅಲೆಅಲೆಯಾಗುತ್ತದೆ. ಅಂಚು ಮುರಿಯುತ್ತದೆ, ಮುರಿದ ಅಂಚಿನಿಂದ ನೀರು ಒಳಗಿಳಿದು ತಗ್ಗು ಬೀಳುತ್ತದೆ. ಬೆಟಗೇರಿ, ಕವಲೂರು ಕಡೆ ದಿನವೂ ಓಡಾಡುವವರಿಗೆ ಈ ಅಲೆಗಳ ಪರಿಚಯ ಬೆನ್ನಿನ ಮೂಲಕವೇ ಆಗಿರುತ್ತದೆ.

ಇಂಥ ದಾರಿಗೆ ಈಗ ಎಲೆಕ್ಟ್ರಿಕ್ ಕಾರುಗಳು ಬರುತ್ತಿವೆ. ಮನೆಯಲ್ಲೇ ಚಾರ್ಜ್ ಮಾಡಬಹುದು, ಪೆಟ್ರೋಲ್ ಬಂಕಿನ ಹಂಗಿಲ್ಲ, ಕಿಲೋಮೀಟರಿಗೆ ಬೀಳುವ ಖರ್ಚು ಕಡಿಮೆ. ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ತಿರುಗುವ ಶಿಕ್ಷಕರಿಗೆ, ವ್ಯಾಪಾರಿಗಳಿಗೆ, ಕೊಪ್ಪಳದ ಕಚೇರಿಗೆ ಹೋಗಿಬರುವವರಿಗೆ ಇದು ಹೇಳಿ ಮಾಡಿಸಿದ ವಾಹನ. ಶೋರೂಮಿಗೆ ಹೋದವರು ಬ್ಯಾಟರಿ ಎಷ್ಟು ಕಿಲೋವ್ಯಾಟ್ ಅವರ್ ಎಂದು ಕೇಳುತ್ತಾರೆ, ಒಂದು ಚಾರ್ಜಿಗೆ ಎಷ್ಟು ಓಡುತ್ತದೆ ಎಂದು ಕೇಳುತ್ತಾರೆ, ವಾರಂಟಿ ಎಷ್ಟು ವರ್ಷ ಎಂದು ವಿಚಾರಿಸುತ್ತಾರೆ. ಗಾಲಿ ಎಷ್ಟು ಇಂಚಿನದು ಎಂದು ಕೇಳುವವರು ಅಪರೂಪ. ಅದು ಅಂದಕ್ಕೆ ಸಂಬಂಧಪಟ್ಟ ವಿಷಯ, ಟಾಪ್ ಎಂಡ್ ತೆಗೆದುಕೊಂಡರೆ ದೊಡ್ಡದೇ ಬರುತ್ತದೆ ಎಂಬ ಭಾವನೆ ಬೇರೂರಿದೆ. ನಮ್ಮ ಭಾಗದ ರಸ್ತೆಗಳಲ್ಲಿ ಕಾರು ಎಷ್ಟು ಹಿತವಾಗಿ ಓಡುತ್ತದೆ, ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ ಎಂಬ ಎರಡನ್ನೂ ಗಾಲಿಯ ಅಳತೆ ದೊಡ್ಡ ಮಟ್ಟಿಗೆ ನಿರ್ಧರಿಸುತ್ತದೆ. ಎರಡಕ್ಕೂ ಅದು ಕೊಡುವ ಉತ್ತರ ಒಂದೇ ಎಂಬುದು ಇನ್ನೂ ಮುಖ್ಯ.

ಮೊದಲು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು ಓದೋಣ. ಟಾಟಾ ನೆಕ್ಸಾನ್ ಇವಿಯ ಟೈರಿನ ಮೇಲೆ 215/60 ಆರ್16 ಎಂದಿರುತ್ತದೆ. 215 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಎಂದರೆ ಆ ಅಗಲದ ಶೇ 60ರಷ್ಟು ಎತ್ತರ ಟೈರಿನ ಪಕ್ಕದ ಗೋಡೆಗಿದೆ ಎಂದು. ಲೆಕ್ಕ ಹಾಕಿದರೆ 129 ಮಿ.ಮೀ. ಕೊನೆಯ 16 ರಿಮ್ಮಿನ ವ್ಯಾಸ, ಇಂಚಿನಲ್ಲಿ. ನಾವು ‘ಹದಿನಾರು ಇಂಚಿನ ಗಾಲಿ’ ಎನ್ನುವಾಗ ಹೇಳುತ್ತಿರುವುದು ಒಳಗಿನ ಲೋಹದ ಅಳತೆ ಮಾತ್ರ. ನೆಲ ಮುಟ್ಟುವ ಪೂರ್ತಿ ಗಾಲಿಯ ಎತ್ತರ ತಿಳಿಯಬೇಕಾದರೆ ರಿಮ್ಮಿಗೆ ಎರಡು ಗೋಡೆಗಳ ಎತ್ತರ ಕೂಡಿಸಬೇಕು. ನೆಕ್ಸಾನ್ ಲೆಕ್ಕದಲ್ಲಿ ಅದು 664 ಮಿ.ಮೀ. ಸುಮಾರು.

ಈ ಒಂದು ಭೇದ ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸುಲಭ. ರಿಮ್ ದೊಡ್ಡದಾದರೆ ಗಾಲಿ ದೊಡ್ಡದಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ಮಹೀಂದ್ರಾ 2024ರ ನವೆಂಬರಿನಲ್ಲಿ ಹೊರತಂದ ಬಿಇ 6 ಕಾರನ್ನೇ ನೋಡಿ. ಅದಕ್ಕೆ 18, 19, 20 ಇಂಚು ಹೀಗೆ ಮೂರು ಅಳತೆಯ ಗಾಲಿಗಳಿವೆ: 245/60 ಆರ್18, 245/55 ಆರ್19, 245/50 ಆರ್20. ಮೂರರ ಒಟ್ಟು ಎತ್ತರವನ್ನೂ ಲೆಕ್ಕ ಹಾಕಿದರೆ 751, 752, 753 ಮಿ.ಮೀ. ಬರುತ್ತದೆ. ಅಂದರೆ ಮೂರೂ ಒಂದೇ ಎತ್ತರ. ಬದಲಾಗಿದ್ದು ಒಳಗಿನ ಹಂಚಿಕೆ. 18 ಇಂಚಿನದರಲ್ಲಿ ರಬ್ಬರಿನ ಗೋಡೆ 147 ಮಿ.ಮೀ., 20 ಇಂಚಿನದರಲ್ಲಿ 122 ಮಿ.ಮೀ. ಹೆಚ್ಚು ಹಣ ಕೊಟ್ಟವರಿಗೆ ಒಂದು ಇಂಚಿನಷ್ಟು ಗಾಳಿ ಕಡಿಮೆಯಾಗಿ, ಅದರ ಜಾಗದಲ್ಲಿ ಅಷ್ಟೇ ಲೋಹ ಬಂದಿದೆ.

ಹೊರಗಿನ ಎತ್ತರದ ಉಪಯೋಗವೇ ಬೇರೆ, ಗೋಡೆಯ ಎತ್ತರದ ಉಪಯೋಗವೇ ಬೇರೆ. ಇದನ್ನು ನಮ್ಮ ಹಿರಿಯರ ಚಕ್ಕಡಿ ಚೆನ್ನಾಗಿ ತೋರಿಸುತ್ತದೆ. ಅಳವಂಡಿಯಿಂದ ಮುಂಡರಗಿಗೆ ಹೋಗುವ ದಾರಿ ಒಂದು ಕಾಲಕ್ಕೆ ನಿಜಾಮರ ಸೀಮೆಯಿಂದ ಮುಂಬೈ ಪ್ರಾಂತ್ಯಕ್ಕೆ ದಾಟುವ ದಾರಿ. ಅಳವಂಡಿಯ ಶಿವಮೂರ್ತಿಸ್ವಾಮಿಯವರು ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ಕಟ್ಟಿ ಹೈದರಾಬಾದ್ ವಿಮೋಚನೆಗೆ ಹೋರಾಡಿದ ದಿನಗಳಲ್ಲಿ ಈ ಎರೆ ದಾರಿಯ ವಾಹನವೆಂದರೆ ಚಕ್ಕಡಿಯೇ. ಅದರ ಕಟ್ಟಿಗೆ ಗಾಲಿ ಆಳೆತ್ತರಕ್ಕೆ ಹತ್ತಿರ. ಅಷ್ಟು ದೊಡ್ಡ ಗಾಲಿ ತಗ್ಗಿನೊಳಗೆ ಬೀಳದೆ ಅದರ ಮೇಲೆ ಹಾಯ್ದು ಹೋಗುತ್ತದೆ. ಹಸಿ ಎರೆಯಲ್ಲೂ ಎತ್ತುಗಳು ಎಳೆದು ತರುತ್ತವೆ. ಆದರೆ ಗಾಲಿಗೆ ಸುತ್ತಿದ್ದು ಕಬ್ಬಿಣದ ಹಳಿ. ಹೆಸರುಕಾಳಿನಷ್ಟು ಕಲ್ಲು ಸಿಕ್ಕರೂ ಅದರ ಪೆಟ್ಟು ಕೂತವರ ಸೊಂಟಕ್ಕೆ ಬರುತ್ತಿತ್ತು. ಮುಂದೆ ಗಾಳಿ ತುಂಬಿದ ಟೈರಿನ ಬಂಡಿ ಬಂದಾಗ ಗಾಲಿ ಚಿಕ್ಕದಾಯಿತು, ಕುಲುಕಾಟ ಇಳಿಯಿತು. ಜಾನ್ ಡನ್‌ಲಪ್ 1888ರಲ್ಲಿ ಗಾಳಿ ಟೈರಿಗೆ ಪೇಟೆಂಟ್ ಪಡೆದದ್ದು ಇದೇ ಕುಲುಕಾಟಕ್ಕೆ ಪರಿಹಾರವಾಗಿ. ದೊಡ್ಡ ತಗ್ಗು ದಾಟಿಸುವುದು ಗಾಲಿಯ ಹೊರ ಎತ್ತರ. ಸಣ್ಣ ಕಲ್ಲು, ಡಾಂಬರಿನ ಬಿರುಕು, ಕಿತ್ತುಹೋದ ಕಡಿ ಇವುಗಳ ಪೆಟ್ಟು ನುಂಗುವುದು ಗೋಡೆಯೊಳಗಿನ ಗಾಳಿ.

ಹಾಗಾಗಿ ಒಂದೇ ಕಾರಿಗೆ, ಒಂದೇ ಹೊರ ಎತ್ತರದಲ್ಲಿ ಎರಡು ಅಳತೆಯ ರಿಮ್ ಇದ್ದರೆ ಚಿಕ್ಕ ರಿಮ್ಮಿನದೇ ಹಿತ. ಅದರ ಮೇಲೆ ತೂಕದ ವಿಷಯವೂ ಇದೆ. ಕಾರಿನ ಸ್ಪ್ರಿಂಗ್‌ಗಳು ಕಾರಿನ ಮೈಯನ್ನು ಹೊತ್ತಿವೆ; ಗಾಲಿ, ಟೈರು, ಬ್ರೇಕು ಇವು ಸ್ಪ್ರಿಂಗಿನ ಕೆಳಗೆ ತೂಗುತ್ತವೆ. ಕೆಳಗಿನ ಈ ತೂಕ ಹೆಚ್ಚಾದಷ್ಟೂ ಗಾಲಿ ರಸ್ತೆಯ ಏರಿಳಿತಕ್ಕೆ ತಕ್ಷಣ ಹೊಂದಿಕೊಳ್ಳಲಾರದೆ ಧಡಧಡ ಬಡಿಯುತ್ತದೆ. ದೊಡ್ಡ ಅಲಾಯ್ ರಿಮ್ ಸಾಮಾನ್ಯವಾಗಿ ಹೆಚ್ಚು ತೂಕದ್ದು. ಎಲೆಕ್ಟ್ರಿಕ್ ಕಾರು ಮೊದಲೇ ಬ್ಯಾಟರಿಯ ಭಾರದಿಂದ ತನ್ನ ಪೆಟ್ರೋಲ್ ಜೋಡಿಗಿಂತ ತೂಕವಾಗಿರುತ್ತದೆ. ಆ ಭಾರ ಹೊರಲು ಸ್ಪ್ರಿಂಗನ್ನೂ ಗಡುಸು ಮಾಡಿರುತ್ತಾರೆ, ಟೈರಿಗೆ ಗಾಳಿಯನ್ನೂ ಹೆಚ್ಚು ಹೇಳಿರುತ್ತಾರೆ. ಇಂಥ ಕಾರಿಗೆ ತೆಳು ಗೋಡೆಯ ಟೈರು ಹಾಕಿದರೆ ಮೆತ್ತಗೆ ಮಾಡುವ ಕೊನೆಯ ಅವಕಾಶವನ್ನೂ ಬಿಟ್ಟುಕೊಟ್ಟ ಹಾಗೆ. ಎಂಜಿನ್ನಿನ ಸದ್ದಿಲ್ಲದ ಕಾರಿನೊಳಗೆ ಟೈರಿನ ಸದ್ದು, ರಸ್ತೆಯ ಸದ್ದು ಎದ್ದು ಕೇಳುತ್ತದೆ ಎಂಬುದೂ ನೆನಪಿರಲಿ.

ಈಗ ರೇಂಜಿನ ಮಾತು. ಹುಂಡೈ ಕಂಪನಿಯ ಅಯಾನಿಕ್ 6 ನಮ್ಮಲ್ಲಿ ಮಾರಾಟಕ್ಕಿಲ್ಲ, ಆದರೆ ಗಾಲಿಯ ಪ್ರಭಾವಕ್ಕೆ ಅದಕ್ಕಿಂತ ಸ್ಪಷ್ಟ ಉದಾಹರಣೆ ನಾನು ಕಂಡಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದರ 2023ರ ಮಾದರಿಗೆ ಗಾಲಿಯ ಪ್ರಕಾರ ಬೇರೆ ಬೇರೆ ರೇಂಜ್ ಕೊಟ್ಟಿದೆ. ಅದೇ ದೊಡ್ಡ ಬ್ಯಾಟರಿ, ಹಿಂದಿನ ಗಾಲಿಗೆ ಅದೇ ಮೋಟಾರು. 18 ಇಂಚಿನ ಗಾಲಿ ಇದ್ದರೆ 361 ಮೈಲಿ, 20 ಇಂಚಿನದಿದ್ದರೆ 305 ಮೈಲಿ. ನಮ್ಮ ಲೆಕ್ಕದಲ್ಲಿ 581 ಕಿ.ಮೀ. ಮತ್ತು 491 ಕಿ.ಮೀ. ತೊಂಬತ್ತು ಕಿಲೋಮೀಟರಿನ ಅಂತರ! ಟೈರುಗಳ ಅಳತೆ 225/55 ಆರ್18 ಮತ್ತು 245/40 ಆರ್20. ಕೂಡಿಸಿ ನೋಡಿದರೆ ಹೊರ ಎತ್ತರ ಎರಡರದೂ 704 ಮಿ.ಮೀ. ಆಸುಪಾಸು. ಟೆಸ್ಲಾ ಮಾಡೆಲ್ ಎಸ್ ಪ್ಲೇಡ್ ಕಾರಿನಲ್ಲೂ ಕೆಲ ವರ್ಷಗಳ ಹಿಂದೆ ಹೀಗೆಯೇ ಇತ್ತು: 19 ಇಂಚಿಗೆ 396 ಮೈಲಿ, 21 ಇಂಚಿಗೆ 348.

ಈ ಅಂತರಕ್ಕೆಲ್ಲ ಇಂಚೊಂದೇ ಕಾರಣ ಎಂದರೆ ತಪ್ಪಾಗುತ್ತದೆ. ದೊಡ್ಡ ರಿಮ್ಮಿನ ಜೊತೆ ಕೆಲವು ಸಂಗತಿಗಳು ಕೂಡಿಬರುತ್ತವೆ. ಟೈರು ಅಗಲವಾಗುತ್ತದೆ, 225ರ ಬದಲು 245. ಹೆಚ್ಚು ಹಿಡಿತಕ್ಕೆಂದು ಹೆಚ್ಚು ಅಂಟುವ ರಬ್ಬರನ್ನು ಬಳಸುತ್ತಾರೆ. ರಿಮ್ಮಿನ ಕಡ್ಡಿಗಳ ನಡುವೆ ದೊಡ್ಡ ಸಂದುಗಳಿರುತ್ತವೆ. ತಿರುಗುವಾಗ ಅವು ಗಾಳಿಯನ್ನು ಕಲಕುತ್ತವೆ. ನೆಕ್ಸಾನ್ ಇವಿಯಂಥ ಕಾರುಗಳ ರಿಮ್ಮಿನ ಸಂದುಗಳನ್ನು ಚಪ್ಪಟೆ ಪಟ್ಟಿಗಳಿಂದ ಮುಚ್ಚಿರುವುದು ಇದನ್ನು ತಡೆಯಲಿಕ್ಕೇ. ಅದನ್ನು ಬರೀ ಅಲಂಕಾರ ಎಂದುಕೊಂಡು ಕಿತ್ತು ಬೇರೆ ರಿಮ್ ಹಾಕಿಸುವವರಿದ್ದಾರೆ. ಇನ್ನು ಭಾರದ ರಿಮ್ಮನ್ನು ಪ್ರತಿ ಸಲ ತಿರುಗಿಸಿ ವೇಗಕ್ಕೆ ತರಲು ಹೆಚ್ಚು ಶಕ್ತಿ ಬೇಕು; ಬ್ರೇಕ್ ಒತ್ತಿದಾಗ ಮೋಟಾರು ಅದರಲ್ಲಿ ಒಂದಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ, ಪೂರ್ತಿಯಲ್ಲ. ಹಂಪು, ಎಮ್ಮೆ, ಟ್ರ್ಯಾಕ್ಟರು, ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಹರವಿದ ಕಾಳು ಎಂದು ನಿಂತು ನಿಂತು ಹೋಗುವ ನಮ್ಮ ದಾರಿಗಳಲ್ಲಿ ಈ ಸೋರಿಕೆ ದಿನವಿಡೀ ನಡೆಯುತ್ತದೆ.

ಟೈರು ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ, ಮೇಲೆದ್ದಾಗ ಮತ್ತೆ ದುಂಡಗಾಗುತ್ತದೆ. ಪ್ರತಿ ಸುತ್ತಿನಲ್ಲೂ ನಡೆಯುವ ಈ ಹಿಸುಕಾಟದಲ್ಲಿ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಇದನ್ನು ಉರುಳು ತಡೆ ಎನ್ನೋಣ. ಮಂದಿ ಕೂತ ಕಾರಿನ ತೂಕ 1,700 ಕೆ.ಜಿ. ಎಂದಿಟ್ಟುಕೊಂಡರೆ, ಸಾಧಾರಣ ಟೈರಿನಲ್ಲಿ ಉರುಳು ತಡೆಯ ಬಲ ತೂಕದ ಶೇ 1ರಷ್ಟಿರುತ್ತದೆ. ಕಿಲೋಮೀಟರಿಗೆ ಅದು ತಿನ್ನುವುದು ಸುಮಾರು 46 ವ್ಯಾಟ್ ಅವರ್. ವೇಗ ಎಷ್ಟಿದ್ದರೂ ಇದು ಹೆಚ್ಚುಕಡಿಮೆ ಇಷ್ಟೇ. ಎದುರು ಗಾಳಿಯ ತಡೆ ಹಾಗಲ್ಲ. ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟಾಗುತ್ತದೆ. ಇದೇ ಗಾತ್ರದ ಕಾರು 50 ಕಿ.ಮೀ. ವೇಗದಲ್ಲಿ ಹೋಗುವಾಗ ಗಾಳಿ ತಿನ್ನುವುದು ಕಿಲೋಮೀಟರಿಗೆ 24 ವ್ಯಾಟ್ ಅವರ್ ಸುಮಾರು, 100ರಲ್ಲಿ 96.

ಈ ಮೂರು ಅಂಕಿಗಳಲ್ಲಿ ಅಳವಂಡಿಯವರಿಗೆ ಬೇಕಾದ ವಿಷಯ ಅಡಗಿದೆ. ಗದಗ–ಕೊಪ್ಪಳ–ಹೊಸಪೇಟೆ ಹೆದ್ದಾರಿ 67ರಲ್ಲಿ ನೂರರ ವೇಗದಲ್ಲಿ ಹೋಗುವವನಿಗೆ ಗಾಳಿಯೇ ದೊಡ್ಡ ಶತ್ರು. ಟೈರಿನ ಪಾಲು ಗಾಳಿಯ ಅರ್ಧ. ಹೆದ್ದಾರಿ ಬಿಟ್ಟು ಒಳಗೆ ತಿರುಗಿ ಐವತ್ತರಲ್ಲಿ ಹೋಗುವವನಿಗೆ ಲೆಕ್ಕ ತಲೆಕೆಳಗಾಗುತ್ತದೆ. ಟೈರಿನ ಪಾಲು ಗಾಳಿಯ ಎರಡು ಪಟ್ಟು. ಕಾರು ಕಂಪನಿಗಳ ಜಾಹೀರಾತು ಹೆದ್ದಾರಿಯ ಕನಸು ಮಾರುತ್ತದೆ. ಹಳ್ಳಿ ದಾರಿಯಲ್ಲಿ ಬ್ಯಾಟರಿಯನ್ನು ಉಳಿಸುವುದೂ ಖಾಲಿ ಮಾಡುವುದೂ ಮುಖ್ಯವಾಗಿ ಟೈರೇ. ಅಗಲವಾದ, ಅಂಟು ಹೆಚ್ಚಿನ ಟೈರಿನಿಂದ ಉರುಳು ತಡೆ ಐದನೇ ಒಂದು ಪಾಲು ಏರಿದರೆ ಕಿಲೋಮೀಟರಿಗೆ 9 ವ್ಯಾಟ್ ಅವರ್ ಹೆಚ್ಚು ಬೇಕು. ಏಸಿ ಹಾಕಿಕೊಂಡು ಐವತ್ತರಲ್ಲಿ ಹೋಗುವ ಕಾರು ಒಟ್ಟಾರೆ ನೂರರ ಆಸುಪಾಸು ಬಳಸುತ್ತದೆ; ಅದರಲ್ಲಿ ಒಂಬತ್ತು ಎಂದರೆ ಸಣ್ಣದಲ್ಲ. ಅಲೆಯಾದ, ಕಡಿ ಎದ್ದ ರಸ್ತೆಯಲ್ಲಿ ಉರುಳು ತಡೆ ಇನ್ನೂ ಏರುತ್ತದೆ, ಏಕೆಂದರೆ ಪ್ರತಿ ಕುಲುಕಾಟದಲ್ಲೂ ಶಾಕ್ ಅಬ್ಸಾರ್ಬರುಗಳು ಮುಂದೆ ಹೋಗುವ ಶಕ್ತಿಯನ್ನೇ ಬಿಸಿಯಾಗಿ ಕಳೆಯುತ್ತವೆ.

ಇದು ಎಲ್ಲಿ ಕಾಡುತ್ತದೆ ಎಂದರೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿ ಅದೇ ದಿನ ಮರಳುವಾಗ. ಹೋಗಿಬರುವ ದಾರಿ ಇನ್ನೂರು ಕಿಲೋಮೀಟರ್ ದಾಟುತ್ತದೆ. ನೆಕ್ಸಾನಿನ 45 ಕಿಲೋವ್ಯಾಟ್ ಅವರ್ ಬ್ಯಾಟರಿಗೆ ಪರೀಕ್ಷಾ ರೇಂಜ್ 489 ಕಿ.ಮೀ.; ನಿಜ ರಸ್ತೆಯಲ್ಲಿ 350ರಿಂದ 370 ಎಂದು ಕಂಪನಿಯೇ ಹೇಳುತ್ತದೆ. ಪರೀಕ್ಷೆ ನಡೆಯುವುದು ಪ್ರಯೋಗಾಲಯದ ನುಣುಪಾದ ಉರುಳೆಗಳ ಮೇಲೆ. ಚಿಕ್ಕ ಬ್ಯಾಟರಿಯ ಕಾರಿನಲ್ಲಿ, ಬೇಸಿಗೆಯ ಏಸಿಯೊಂದಿಗೆ, ಐದು ಜನ ಕೂತು ಹೊರಟರೆ ಶೇ 6–8ರಷ್ಟು ರೇಂಜ್ ಇರುವುದೂ ಇಲ್ಲದಿರುವುದೂ ರಾತ್ರಿ ನೇರ ಮನೆ ಸೇರುವುದಕ್ಕೂ, ರೋಗಿಯನ್ನು ಕೂರಿಸಿಕೊಂಡು ದಾರಿಯಲ್ಲಿ ಚಾರ್ಜಿಗೆ ನಿಲ್ಲುವುದಕ್ಕೂ ಇರುವ ವ್ಯತ್ಯಾಸ.

ಟೈರಿನ ಗಾಳಿಯ ವಿಷಯದಲ್ಲಿ ಸುಖ ಮತ್ತು ರೇಂಜ್ ಒಂದಕ್ಕೊಂದು ವಿರುದ್ಧ. ಗಾಳಿ ಇಳಿಸಿದರೆ ಕಾರು ಮೆತ್ತಗೆ ಹೋಗುತ್ತದೆ, ಆದರೆ ಟೈರು ಹೆಚ್ಚು ಹಿಸುಕಿ ರೇಂಜ್ ಕಡಿಮೆಯಾಗುತ್ತದೆ, ಟೈರು ಬಿಸಿಯೇರಿ ಬೇಗ ಸವೆಯುತ್ತದೆ. ಗಾಳಿ ಏರಿಸಿದರೆ ರೇಂಜ್ ಸಿಗುತ್ತದೆ, ಸೊಂಟ ಹೋಗುತ್ತದೆ. ದೊಡ್ಡ ರಿಮ್ಮಿನ ಕಾರು ಕೊಂಡವರು ಕುಲುಕಾಟ ತಾಳಲಾರದೆ ನಾಲ್ಕೈದು ಪಿಎಸ್‌ಐ ಇಳಿಸಿ ಓಡಿಸುವುದುಂಟು. ಅವರು ರೇಂಜನ್ನು ಎರಡು ಸಲ ಕಳೆದುಕೊಂಡಂತಾಯಿತು. ಗಾಲಿಯ ಅಳತೆಯಲ್ಲಿ ಈ ಜಗಳವೇ ಇಲ್ಲ. ಚಿಕ್ಕ ರಿಮ್, ಎತ್ತರದ ಗೋಡೆ, ಅಗಲ ಕಡಿಮೆ ಇರುವ ಟೈರು ಎರಡನ್ನೂ ಕೊಡುತ್ತದೆ, ಮೇಲೆ ಬೆಲೆಯೂ ಕಡಿಮೆ. ವಾಹನದ ವಿಷಯದಲ್ಲಿ ಇಷ್ಟು ನೇರವಾಗಿ ಲಾಭವಾಗುವ ಆಯ್ಕೆ ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ.

ಹಾಗಾದರೆ ದೊಡ್ಡ ರಿಮ್ ಏಕೆ ಮಾಡುತ್ತಾರೆ? ಅದಕ್ಕೂ ಕಾರಣಗಳಿವೆ. ಶಕ್ತಿಯುತ ಕಾರಿಗೆ ದೊಡ್ಡ ಬ್ರೇಕ್ ಬೇಕು, ಅದನ್ನು ಕೂರಿಸಲು ರಿಮ್ಮಿನೊಳಗೆ ಜಾಗ ಬೇಕು. ತೆಳು ಗೋಡೆಯ ಟೈರು ತಿರುವಿನಲ್ಲಿ ವಾಲುವುದಿಲ್ಲ, ಸ್ಟೀರಿಂಗ್ ತಿರುಗಿಸಿದೊಡನೆ ಕಾರು ತಿರುಗುತ್ತದೆ. ವೇಗದ ಹೆದ್ದಾರಿಯಲ್ಲೇ ಹೆಚ್ಚು ಓಡಾಡುವವರಿಗೆ ಇದು ನಿಜವಾದ ಸುಖ. ಇನ್ನೊಂದು ಕಾರಣ ನೋಟದ್ದು. ಬ್ಯಾಟರಿ ನೆಲದಡಿಯಲ್ಲಿರುವುದರಿಂದ ಕಾರಿನ ಮೈ ಎತ್ತರವಾಗುತ್ತದೆ, ಪಕ್ಕದ ಬಾಗಿಲುಗಳು ದಪ್ಪವಾಗಿ ಕಾಣುತ್ತವೆ. ಚಿಕ್ಕ ಗಾಲಿ ಅದರ ಕೆಳಗೆ ಸೊರಗಿದಂತೆ ಕಾಣುತ್ತದೆ. ವಿನ್ಯಾಸಕಾರರು ದೊಡ್ಡ ರಿಮ್ ಬರೆಯುತ್ತಾರೆ, ಫೋಟೊ ಚೆನ್ನಾಗಿ ಬರುತ್ತದೆ, ಕೊಳ್ಳುವವರು ಅದನ್ನೇ ಕೇಳುತ್ತಾರೆ.

ಬೆಂಗಳೂರಿನಲ್ಲಿ ಹುಟ್ಟಿದ ರೇವಾ ಕಾರು 2001ರಲ್ಲಿ ರಸ್ತೆಗಿಳಿದಾಗ ಅದಕ್ಕಿದ್ದದ್ದು 13 ಇಂಚಿನ ಕಿರಿದಾದ ಗಾಲಿ. ಬ್ಯಾಟರಿ ಚಿಕ್ಕದು, ಒಂದು ಚಾರ್ಜಿಗೆ 80 ಕಿ.ಮೀ. ಮಾತು; ಒಂದೊಂದು ವ್ಯಾಟನ್ನೂ ಉಳಿಸಬೇಕಾದ ಕಾಲ ಅದು. ಈಗ ಬ್ಯಾಟರಿ ದೊಡ್ಡದಾಗಿ ಉಳಿತಾಯದ ಆ ಎಚ್ಚರ ಸಡಿಲವಾಗಿದೆ. ಇವತ್ತಿಗೂ ಟಿಯಾಗೊ ಇವಿ 14 ಇಂಚಿನ ಗಾಲಿಯಲ್ಲಿ, ಎಂಜಿ ಕಾಮೆಟ್ 12 ಇಂಚಿನಲ್ಲಿ ಓಡುತ್ತಿವೆ. ಕಾಮೆಟ್ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಅದರ 145/70 ಆರ್12 ಗಾಲಿಯ ಒಟ್ಟು ಹೊರ ಎತ್ತರವೇ 508 ಮಿ.ಮೀ. ಪೇಟೆಯ ಓಣಿಗಳಿಗೆ ಅದು ಒಳ್ಳೆಯದು. ಎರೆ ದಾರಿಯ ಆಳ ತಗ್ಗುಗಳಲ್ಲಿ ಅಷ್ಟು ಪುಟ್ಟ ಗಾಲಿ ಇಳಿದೇ ಬಿಡುತ್ತದೆ. ನಾನು ಚಿಕ್ಕ ರಿಮ್ ಎನ್ನುತ್ತಿರುವುದು ಒಂದೇ ಕಾರಿಗೆ ಕಂಪನಿ ಕೊಡುವ ಅಳತೆಗಳಲ್ಲಿ ಚಿಕ್ಕದ್ದನ್ನು. ಬೇರೆ ಬೇರೆ ಕಾರುಗಳನ್ನು ಹೋಲಿಸುವಾಗ ನೋಡಬೇಕಾದ್ದು ಗೋಡೆಯ ಎತ್ತರ, ಗಾಲಿಯ ಹೊರ ಎತ್ತರ ಮತ್ತು ನೆಲದಿಂದ ಬ್ಯಾಟರಿಗಿರುವ ಅಂತರ, ಈ ಮೂರನ್ನು.

ಕಂಪನಿಗಳ ಮೇಲೆ ನನ್ನ ದೂರು ಬೇರೆಯದೇ ಇದೆ. ಚಿಕ್ಕ ಗಾಲಿಯನ್ನು ಬಹುತೇಕ ಕಡಿಮೆ ಬೆಲೆಯ ಮಾದರಿಗಷ್ಟೇ ಕೊಡುತ್ತಾರೆ. ಎಂಜಿ ವಿಂಡ್ಸರ್ ಕಾರಿನ ಕೆಳ ಮಾದರಿಗೆ 17 ಇಂಚಿನ ಸ್ಟೀಲ್ ಗಾಲಿ, ಮೇಲಿನವಕ್ಕೆ 18 ಇಂಚಿನ ಅಲಾಯ್. ಹೆಚ್ಚಿನ ಸೌಲಭ್ಯ ಬೇಕೆಂದವರು ಬೇಡದ ಗಾಲಿಯನ್ನೂ ಒಪ್ಪಿಕೊಳ್ಳಬೇಕು. ಮನೆಯ ಹಿರಿಯರಿಗೆಂದು ಒಳ್ಳೆಯ ಸೀಟಿರುವ ಮಾದರಿ ಕೊಂಡವರಿಗೆ, ಆ ಹಿರಿಯರ ಬೆನ್ನಿಗೆ ಪೆಟ್ಟು ಕೊಡುವ ಗಾಲಿ ಜೊತೆಯಲ್ಲೇ ಬರುತ್ತದೆ. ಯುರೋಪಿನಲ್ಲಿ ಗಾಲಿ ಬದಲಾದರೆ ರೇಂಜ್ ಎಷ್ಟು ಬದಲಾಗುತ್ತದೆ ಎಂದು ಕೊಳ್ಳುವವನಿಗೆ ತೋರಿಸುತ್ತಾರೆ, ಅಮೆರಿಕದಲ್ಲಿ ಬೇರೆ ಬೇರೆ ಸಂಖ್ಯೆ ಪ್ರಕಟಿಸುತ್ತಾರೆ. ನಮ್ಮಲ್ಲಿ ಹೆಚ್ಚಿನ ಬ್ರೋಷರುಗಳಲ್ಲಿ ಬ್ಯಾಟರಿಗೊಂದೇ ಸಂಖ್ಯೆ. ಇಂಚಿಗೊಂದು ರೇಂಜ್ ಅಚ್ಚು ಹಾಕುವುದು ಕಂಪನಿಗಳಿಗೆ ಕಷ್ಟದ ಕೆಲಸವಲ್ಲ, ಗ್ರಾಹಕರು ಕೇಳಲೇಬೇಕು.

ಸ್ಟೀಲ್ ಗಾಲಿಯನ್ನು ಕೀಳಾಗಿ ಕಾಣಬೇಕಿಲ್ಲ. ಹರಿತ ಅಂಚಿನ ತಗ್ಗಿಗೆ ಬಿದ್ದಾಗ ಟೈರಿನ ಗೋಡೆ ಪೂರ್ತಿ ಚಪ್ಪಟೆಯಾಗಿ ರಿಮ್ ನೇರವಾಗಿ ನೆಲಕ್ಕೆ ಬಡಿಯುತ್ತದೆ. ಸ್ಟೀಲ್ ಬಾಗಿದರೆ ಊರಿನ ಗ್ಯಾರೇಜಿನಲ್ಲೇ ಬಡಿದು ಸರಿಮಾಡಿಕೊಡುತ್ತಾರೆ. ಅಲಾಯ್ ಸೀಳಿದರೆ ಹೊಸದೇ ಗತಿ. ಅದೇ ಪೆಟ್ಟಿಗೆ ಗೋಡೆಯೊಳಗಿನ ನೂಲುಗಳು ಹರಿದರೆ ಪಕ್ಕದಲ್ಲಿ ಗುಳ್ಳೆ ಏಳುತ್ತದೆ. ಅಂಥ ಟೈರನ್ನು ಒಂದು ದಿನವೂ ಓಡಿಸಬಾರದು. ಗೋಡೆ ಎತ್ತರವಿದ್ದಷ್ಟೂ ರಿಮ್ಮಿಗೂ ನೂಲಿಗೂ ರಕ್ಷಣೆ.

ನಮ್ಮ ಹೊಲದ ಬದುಗಳಲ್ಲಿ, ಹಳ್ಳದ ದಂಡೆಗಳಲ್ಲಿ ಬಳ್ಳಾರಿ ಜಾಲಿ ಬೆಳೆದಿದೆ. ಅದರ ಒಣ ಮುಳ್ಳು ಟ್ರ್ಯಾಕ್ಟರಿನ ಜೊತೆ ರಸ್ತೆಗೂ ಬರುತ್ತದೆ. ಟೈರಿನ ತಳದಲ್ಲಿ ಹೊಕ್ಕರೆ ಪಂಕ್ಚರ್ ಕಿಟ್ಟಿನಿಂದ ಮುಚ್ಚಬಹುದು. ಗೋಡೆ ಹರಿದರೆ (ಅಂಗಡಿಯವರು ಇದನ್ನು ಸೈಡ್ ಕಟ್ ಎನ್ನುತ್ತಾರೆ) ಯಾವ ಕಿಟ್ಟೂ ಕೆಲಸಕ್ಕೆ ಬರುವುದಿಲ್ಲ. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ದುರಸ್ತಿ ಕಿಟ್ ಇದ್ದರೆ ಕಾರಿನಲ್ಲಿ ಸ್ಟೆಪ್ನಿ ಇರಲೇಬೇಕಿಲ್ಲ ಎಂದು ಕೇಂದ್ರ ಸರ್ಕಾರ 2020ರ ಅಕ್ಟೋಬರಿನಿಂದ ನಿಯಮ ಮಾಡಿದೆ. ಹಲವು ಎಲೆಕ್ಟ್ರಿಕ್ ಕಾರುಗಳು ಈ ಅನುಕೂಲ ಬಳಸಿಕೊಂಡು ಸ್ಟೆಪ್ನಿ ಕೈಬಿಟ್ಟಿವೆ. ಪೇಟೆಯಲ್ಲಿ ಒಂದು ಫೋನಿಗೆ ಸಹಾಯ ಬರುತ್ತದೆ. ಕತ್ತಲಲ್ಲಿ, ಊರಿಂದ ಊರಿಗೆ ಮೈಲಿಗಟ್ಟಲೆ ಬರೀ ಹೊಲವಿರುವ ಕಡೆ ಹಾಗಲ್ಲ. ಕೊಳ್ಳುವ ಮೊದಲು ಡಿಕ್ಕಿ ತೆಗೆಸಿ ಸ್ಟೆಪ್ನಿ ಇದೆಯೇ ನೋಡಿ. ಇಲ್ಲದಿದ್ದರೆ ಬೇರೆಯಾಗಿ ಕೊಂಡು ಜಾಗ ಮಾಡಿಕೊಳ್ಳಬಹುದೇ ಕೇಳಿ. ಇಲ್ಲೂ ಅಳತೆ ಮುಖ್ಯ: 16 ಇಂಚಿನ ಟೈರು ಸಣ್ಣ ಪಟ್ಟಣದ ಅಂಗಡಿಯಲ್ಲಿ ಸಿಗುವ ಸಾಧ್ಯತೆ ಹೆಚ್ಚು; 20 ಇಂಚಿನದನ್ನು ದೊಡ್ಡ ಊರಿನಿಂದ ತರಿಸಿ ಕಾಯಬೇಕಾದೀತು.

ಕಾರು ಕೊಂಡ ಮೇಲೆ ಹೊರಗಡೆ ದೊಡ್ಡ ಅಲಾಯ್ ಹಾಕಿಸುವ ಹುರುಪು ಯುವಕರಲ್ಲಿ ಬಹಳ. ದಯವಿಟ್ಟು ಬೇಡ. ತಯಾರಕರು ಹೇಳದ ಅಳತೆ ಹಾಕಿದರೆ ವಾರಂಟಿಗೂ ವಿಮೆಗೂ ತೊಡಕು. ಹೊರ ಎತ್ತರ ಬದಲಾದರೆ ಮೀಟರಿನ ಲೆಕ್ಕವೂ ತಪ್ಪುತ್ತದೆ, ಏಕೆಂದರೆ ಕಾರು ದೂರವನ್ನು ಅಳೆಯುವುದು ಗಾಲಿಯ ಸುತ್ತುಗಳಿಂದ. 215/60 ಆರ್16 ಇದ್ದ ಕಡೆ 215/60 ಆರ್17 ಹಾಕಿದರೆ ಗಾಲಿ ಸುಮಾರು ಶೇ 4ರಷ್ಟು ಎತ್ತರವಾಗುತ್ತದೆ. ಮೀಟರು 100 ತೋರಿಸುವಾಗ ಕಾರು 104 ಓಡಿರುತ್ತದೆ, ವೇಗವೂ ಅಷ್ಟೇ ಹೆಚ್ಚಿರುತ್ತದೆ. ಹಾಗೆಯೇ ಕಂಪನಿ ಕೊಟ್ಟದ್ದಕ್ಕಿಂತ ಚಿಕ್ಕ ರಿಮ್ ಹಾಕಲೂ ಹೋಗಬಾರದು. ಬ್ರೇಕಿಗೆ ತಗಲಬಹುದು, ಬ್ಯಾಟರಿಯ ಭಾರ ಹೊರುವ ಶಕ್ತಿ ಆ ಟೈರಿಗೆ ಇಲ್ಲದಿರಬಹುದು.

ಮೊದಲ ಜೊತೆ ಟೈರು ಸವೆದಾಗ ಮತ್ತೊಂದು ತೀರ್ಮಾನ ಬರುತ್ತದೆ. ಕಾರಿನ ಜೊತೆ ಬಂದದ್ದು ಸಾಮಾನ್ಯವಾಗಿ ಉರುಳು ತಡೆ ಕಡಿಮೆ ಇರುವ ಟೈರು. ಅದೇ ಅಳತೆಯ ಅಗ್ಗದ ಟೈರು ಹಾಕಿಸಿ, ಆಮೇಲೆ ಬ್ಯಾಟರಿ ಹಳತಾಯಿತು, ರೇಂಜ್ ಇಳಿಯಿತು ಎಂದು ಕೊರಗುವವರಿದ್ದಾರೆ. ಅಳತೆ ಒಂದೇ ಇದ್ದರೂ ರಬ್ಬರು ಬೇರೆ. ಬಲ್ಬು, ಫ್ರಿಜ್ಜುಗಳ ಮೇಲೆ ನಕ್ಷತ್ರ ಹಾಕುವ ಇಂಧನ ದಕ್ಷತೆ ಬ್ಯೂರೊ ಟೈರುಗಳಿಗೂ ನಕ್ಷತ್ರದ ಗುರುತು ಜಾರಿಗೆ ತಂದಿದೆ. ಹೊಸ ಟೈರು ಕೊಳ್ಳುವಾಗ ಆ ಗುರುತು, ಹಳೆಯ ಟೈರಿನ ಮೇಲಿದ್ದ ಭಾರದ ಸಂಖ್ಯೆ ಎರಡನ್ನೂ ನೋಡಿ ಕೇಳಿ ತೆಗೆದುಕೊಳ್ಳಬೇಕು. ಇನ್ನು ಗಾಳಿಯನ್ನು ಬೆಳಿಗ್ಗೆ, ಕಾರು ಓಡುವ ಮೊದಲೇ ನೋಡಬೇಕು. ಹತ್ತು ಡಿಗ್ರಿ ಬಿಸಿಲೇರಿದರೆ ಟೈರಿನ ಒತ್ತಡ ಒಂದೂವರೆ ಪಿಎಸ್‌ಐಗೂ ಮೇಲೆ ಏರುತ್ತದೆ. ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ ಹೆಚ್ಚಾಯಿತೆಂದು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿದೆ. ತುಂಬು ಮಂದಿಗೆ ಬೇರೆ ಅಂಕಿ ಕೊಟ್ಟಿದ್ದರೆ, ಜಾತ್ರೆಗೆ ಮನೆಮಂದಿಯನ್ನೆಲ್ಲ ಕರೆದೊಯ್ಯುವ ದಿನ ಅದನ್ನೇ ಪಾಲಿಸಿ.

ಬುಕಿಂಗ್ ಹಣ ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಶೋರೂಮಿನವರು ಡೆಮೊ ಕಾರನ್ನು ಕೊಪ್ಪಳದ ನುಣುಪಾದ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಕಳಿಸುತ್ತಾರೆ. ಅಷ್ಟಕ್ಕೆ ಒಪ್ಪಬೇಡಿ. ಲಕ್ಷಗಟ್ಟಲೆ ಕೊಡುವವರು ನೀವು. ಕಾರನ್ನು ನಿಮ್ಮೂರಿಗೇ ತರಿಸಿಕೊಳ್ಳಿ. ಎರಡು ಅಳತೆಯ ಗಾಲಿ ಇದ್ದರೆ ಎರಡನ್ನೂ ಕೇಳಿ. ಬಾಗಿಲ ಸ್ಟಿಕ್ಕರಿನಲ್ಲಿ ಹೇಳಿದಷ್ಟೇ ಗಾಳಿ ಇದೆಯೇ ನೋಡಿಕೊಂಡು, ಮನೆಯ ಹಿರಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ನೀವು ದಿನವೂ ಹೋಗುವ ದಾರಿಯಲ್ಲೇ ಓಡಿಸಿ. ಅವರು ಯಾವುದು ವಾಸಿ ಎನ್ನುತ್ತಾರೋ ಅದೇ ಗಾಲಿಯನ್ನು ಬರೆಸಿ.